ಹೊಸ್ತಿಲಿನ ನಾಯಿ

ಕಳೆದ ಡಿಸೆಂಬರಿನ ಒಂದು ಭಾನುವಾರ ಕುಶಾಲನಗರದಲ್ಲಿ ಪತ್ನಿಯ ಸಂಬಂಧಿಕರೊಬ್ಬರ ನಿಕಾಹ್ ಮುಗಿಸಿಕೊಂಡು ಹುಣಸೂರಿಗೆ ಮರಳುತ್ತಿದ್ದೆವು. ಕಾರಿನಲ್ಲಿ ನನ್ನ ತಾಯಿ, ಪತ್ನಿ ಮತ್ತು ಒಂಬತ್ತು ವರ್ಷದ ಮಗಳು ಇದ್ದರು. ಎಲ್ಲರಿಗೂ ವುಝೂ ಇತ್ತು. ಅಸರ್ ನಮಾಝನ್ನು ಪಿರಿಯಾಪಟ್ಟಣದ ಮಸೀದಿಯಲ್ಲಿ ನಿರ್ವಹಿಸಿದರಾಯಿತು, ಅಷ್ಟರೊಳಗೆ ಒಂದು ಲೋಟ ಚಹಾ ಕುಡಿಯೋಣ ಎಂದು ಬೈಲುಕುಪ್ಪೆ ದಾಟಿದ ಮೇಲೆ ಹೆದ್ದಾರಿಯ ಪಕ್ಕದ ಒಂದು ಕೆಫೆಯ ಮುಂದೆ ನಿಲ್ಲಿಸಿದೆವು. ಬೆಂಗಳೂರಿನಿಂದ ಕೊಡಗಿಗೆ ಹೋಗಿ ಬರುವ ಪ್ರವಾಸಿಗರನ್ನು ನಂಬಿಕೊಂಡು ಇತ್ತೀಚೆಗೆ ಈ ದಾರಿಯುದ್ದಕ್ಕೂ ತಲೆಯೆತ್ತಿರುವ ಕೆಫೆಗಳಲ್ಲಿ ಅದೂ ಒಂದು. ಗಾಜಿನ ಬಾಗಿಲು, ಮರದ ಮೇಜುಗಳು, ಒಳಗೆ ತಂಪು.

ನಾವು ಕುಳಿತು ಐದು ನಿಮಿಷವೂ ಆಗಿರಲಿಲ್ಲ. ಪಕ್ಕದ ಮೇಜಿನ ಕೆಳಗಿನಿಂದ ಹಳದಿ ಬಣ್ಣದ ದೊಡ್ಡ ಲ್ಯಾಬ್ರಡಾರ್ ನಾಯಿಯೊಂದು ಎದ್ದು ಬಂದು ನನ್ನ ತಾಯಿಯ ಬುರ್ಖಾವನ್ನು ಮೂಸಿತು. ತಾಯಿ ಬೆಚ್ಚಿ ಕಾಲು ಮೇಲೆತ್ತಿಕೊಂಡರು. ಅವರನ್ನು ಸಂತೈಸಲು ಪತ್ನಿ ಕೈಚಾಚಿದಾಗ ನಾಯಿ ಬಾಲ ಅಲ್ಲಾಡಿಸುತ್ತಾ ಆ ಕೈಯನ್ನೇ ನೆಕ್ಕಿತು. ನಾನು ಎದ್ದು ನಿಂತು, ಕೆಫೆಯಲ್ಲಿದ್ದವರೆಲ್ಲರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ, “ಊಟ ಮಾಡುವ ಜಾಗಕ್ಕೆ ನಾಯಿಯನ್ನು ಬಿಟ್ಟವರು ಯಾರು?” ಎಂದು ಕೇಳಿದೆ. ನಾಯಿಯ ಒಡತಿ ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. “ಸಾರಿ ಆಂಟಿ, ಅವನು ಏನೂ ಮಾಡೋದಿಲ್ಲ” ಎಂದು ತಾಯಿಯ ಕಡೆ ನೋಡಿ ಹೇಳಿ, ಬೆಲ್ಟ್ ಹಿಡಿದು ನಾಯಿಯನ್ನು ಹೊರಗೆ ಕರೆದೊಯ್ದು ಬಾಗಿಲ ಪಕ್ಕದ ಕಂಬಕ್ಕೆ ಕಟ್ಟಿದಳು.

ನಮ್ಮ ಮನೆಯಲ್ಲಿ ಎರಡು ಮದ್‌ಹಬ್‌ಗಳಿವೆ. ನಾನು ಹನಫೀ, ಕೊಡಗಿನ ಕಡೆಯ ನನ್ನ ಪತ್ನಿ ಶಾಫಿಈ. ನಾಯಿಯ ಜೊಲ್ಲು ತಾಗಿದರೆ ಮೂರು ಬಾರಿ ತೊಳೆದರೆ ಸಾಕು, ಅದರ ಒಣಗಿದ ಮೈ ತಾಗಿದರೆ ತೊಳೆಯಬೇಕಾಗಿಯೂ ಇಲ್ಲ ಎಂಬುದು ನಾನು ಕಲಿತ ಕರ್ಮಶಾಸ್ತ್ರ. ಆಕೆ ಕಲಿತ ಪ್ರಕಾರ ಏಳು ಬಾರಿ ತೊಳೆಯಬೇಕು, ಅದರಲ್ಲಿ ಒಂದು ಬಾರಿ ಮಣ್ಣು ಬೆರೆತ ನೀರಿನಿಂದ. ಕೆಫೆಯ ಕೈತೊಳೆಯುವ ಜಾಗದಲ್ಲಿ ಸಾಬೂನು ಇತ್ತು, ಮಣ್ಣು ಎಲ್ಲಿಂದ ಬರಬೇಕು? ಆಕೆ ಹೊರಗೆ ಹೋಗಿ ಬಾಗಿಲ ಬಳಿಯ ಕ್ರೋಟನ್ ಗಿಡದ ಕುಂಡದಿಂದ ಒಂದು ಚಿಟಿಕೆ ಮಣ್ಣು ತೆಗೆದುಕೊಂಡು, ಬಾಟಲಿಯ ನೀರಿನಿಂದ ಎಣಿಸಿ ಎಣಿಸಿ ಕೈ ತೊಳೆದಳು. ಆ ಹುಡುಗಿ ಅದನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ, “ಅವನು ಅಷ್ಟೊಂದು ಗಲೀಜಾ ಆಂಟಿ? ನಿನ್ನೆಯಷ್ಟೇ ಸ್ನಾನ ಮಾಡಿಸಿದ್ದೆ” ಎಂದಳು. ಆ ಮಾತಿನಲ್ಲಿ ಜಗಳವಿರಲಿಲ್ಲ, ನೋವಿತ್ತು. ಪತ್ನಿ, “ಹಾಗಲ್ಲಮ್ಮ, ನಮಾಝಿಗೆ ನಮಗೆ ಹೀಗೊಂದು ಕ್ರಮ ಇದೆ. ಅವನ ಮೇಲೆ ನನಗೇನೂ ಸಿಟ್ಟಿಲ್ಲ” ಎಂದು ಉತ್ತರಿಸಿದಳು.

ಇಳಿಬಿಸಿಲು ನೇರವಾಗಿ ಬಾಗಿಲಿನ ಮೇಲೆ ಬೀಳುತ್ತಿತ್ತು. ನಾಯಿ ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ನನ್ನ ಮಗಳು ಬಂದು ಪಿಸುದನಿಯಲ್ಲಿ, “ಅಬ್ಬಾ, ಅದಕ್ಕೆ ನೀರು ಕೊಟ್ಟರೆ ನನ್ನ ವುಝೂ ಹೋಗುತ್ತಾ?” ಎಂದು ಕೇಳಿದಳು. ಹೋಗುವುದಿಲ್ಲ. ನಾಯಿಯನ್ನು ಮುಟ್ಟಿದರೂ ವುಝೂ ಮುರಿಯುವುದಿಲ್ಲ. ತಾಗಿದ ಜೊಲ್ಲನ್ನು ತೊಳೆಯಬೇಕು, ಅಷ್ಟೆ. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುವವನ ಮಗಳಿಗೆ ಇಷ್ಟು ತಿಳಿದಿರಲಿಲ್ಲ. ಅದೊಂದು ಕೊರಗು. ಆದರೆ ಆ ಹೊತ್ತಿನಲ್ಲಿ ನಾನು ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ. “ಬೇಡ, ಹೊತ್ತಾಯಿತು ನಡೆ” ಎಂದೆ.

ನಿಜವಾಗಿ ನಾಚಿಕೆಪಡಬೇಕಾದದ್ದು ಇದರ ನಂತರದ ಸಂಗತಿಗೆ. ಮರುದಿನ ಮದ್ರಸದಲ್ಲಿ ಶುದ್ಧೀಕರಣದ ಪಾಠವಿತ್ತು. ಉದಾಹರಣೆಗೆಂದು ಕೆಫೆಯ ಪ್ರಸಂಗವನ್ನು ಹೇಳಿದೆ, ಸ್ವಲ್ಪ ಬಣ್ಣ ಹಚ್ಚಿಯೇ ಹೇಳಿದೆ. ನಾನು ಎದ್ದು ನಿಂತದ್ದು, ನಾಯಿ ಹೊರಗೆ ಹೋದದ್ದು ಕೇಳಿ ಮಕ್ಕಳು ನಕ್ಕರು. ಎರಡು ದಿನಗಳ ನಂತರ ಅದೇ ತರಗತಿಯ ಹತ್ತು ವರ್ಷದ ಹುಡುಗನೊಬ್ಬ ಮದ್ರಸದ ಗೇಟಿನ ಬಳಿ ಮಲಗಿದ್ದ ಬೀದಿನಾಯಿಗೆ ಜಲ್ಲಿಕಲ್ಲು ಬೀಸಿ ಅದರ ಹಿಂಗಾಲಿಗೆ ಪೆಟ್ಟು ಮಾಡಿದ. ಕರೆಸಿ ವಿಚಾರಿಸಿದೆ. ಅವನು ಹೆದರಲಿಲ್ಲ. “ಹಜ್ರತ್, ಅದು ನಜಸ್ ಅಲ್ವಾ?” ಎಂದ. ಪರೀಕ್ಷೆಯಲ್ಲಿ ಸರಿಯುತ್ತರ ಬರೆದವನ ಮುಖ ಅವನದು.

ನಾನು ಕಲಿಸಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾಯಿ ಇರುವ ಮನೆಗೆ ಮಲಕ್‌ಗಳು ಪ್ರವೇಶಿಸುವುದಿಲ್ಲ ಎಂಬ ಹದೀಸನ್ನು ಕಲಿಸಿದ್ದೆ. ಬೇಟೆ, ಜಾನುವಾರು, ಬೇಸಾಯದ ಅಗತ್ಯವಿಲ್ಲದೆ ನಾಯಿ ಸಾಕುವವನ ಪುಣ್ಯದಿಂದ ದಿನವೂ ಒಂದು ಖೀರಾತ್ ಕಡಿಮೆಯಾಗುತ್ತದೆ ಎಂಬುದನ್ನೂ, ತೊಳೆಯುವ ಲೆಕ್ಕವನ್ನೂ ಬಾಯಿಪಾಠ ಮಾಡಿಸಿದ್ದೆ. ಬಾಯಾರಿ ಒದ್ದೆ ಮಣ್ಣು ನೆಕ್ಕುತ್ತಿದ್ದ ನಾಯಿಗಾಗಿ ಬಾವಿಗಿಳಿದು, ಪಾದರಕ್ಷೆಯಲ್ಲಿ ನೀರು ತುಂಬಿ, ಅದನ್ನು ಬಾಯಲ್ಲಿ ಕಚ್ಚಿಕೊಂಡು ಮೇಲೇರಿ ಬಂದವನಿಗೆ ಅಲ್ಲಾಹನ ಕ್ಷಮೆ ದೊರೆತ ಪ್ರಸಂಗ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅದನ್ನೂ ಕಲಿಸಿದ್ದೆ, ಆದರೆ ಬೇರೆ ತಿಂಗಳಲ್ಲಿ, ‘ದಯೆ’ ಎಂಬ ಬೇರೆ ಪಾಠದಲ್ಲಿ. ನಾಯಿಯ ಜೊಲ್ಲು ಒಂದು ಪುಟದಲ್ಲಿ, ನಾಯಿಯ ಬಾಯಾರಿಕೆ ಇನ್ನೊಂದು ಪುಟದಲ್ಲಿ. ಎರಡೂ ಒಂದೇ ನಾಯಿ ಎಂದು ಮಕ್ಕಳಿಗೆ ನಾನು ಹೇಳಿರಲೇ ಇಲ್ಲ.

ಹಾಗೆಂದು ನಾಯಿಯನ್ನು ಕೆಫೆಯೊಳಗೆ ಕೂರಿಸಬಹುದು ಎಂಬ ತೀರ್ಮಾನಕ್ಕೆ ನಾನು ಬಂದಿಲ್ಲ. ಅಂದು ನನ್ನ ದನಿ ತಪ್ಪಾಗಿತ್ತು, ಪ್ರಶ್ನೆ ತಪ್ಪಾಗಿರಲಿಲ್ಲ. ಇದಕ್ಕೆ ನಮ್ಮ ಧರ್ಮದ ಆಧಾರವೇ ಬೇಕೆಂದಿಲ್ಲ. ದೇಶದ ಆಹಾರ ಸುರಕ್ಷತೆಯ 2011ರ ಪರವಾನಗಿ ನಿಯಮಾವಳಿಯ ನಾಲ್ಕನೇ ಅನುಸೂಚಿಯೇ ಪ್ರಾಣಿ, ಪಕ್ಷಿ, ಸಾಕುಪ್ರಾಣಿಗಳನ್ನು ಆಹಾರದ ಉದ್ದಿಮೆ ನಡೆಯುವ ಜಾಗದೊಳಗೆ ಬಿಡಬಾರದೆನ್ನುತ್ತದೆ. ಆದರೂ ಬೆಂಗಳೂರಿನಲ್ಲಿ ನಾಯಿಗಳಿಗೆಂದೇ ಕೆಫೆಗಳಿವೆ, ಆ ರೂಢಿ ಈಗ ನಮ್ಮ ಹೆದ್ದಾರಿಗೂ ಇಳಿದಿದೆ. ಮಾಲೀಕರಿಗೆ ಗಿರಾಕಿ ಮುಖ್ಯ, ಅದನ್ನು ನಾನು ಆಕ್ಷೇಪಿಸುವುದಿಲ್ಲ. ನನ್ನ ಆಕ್ಷೇಪ ಬೇರೆಯದು. ತೆರೆದ ಬಯಲಿನಲ್ಲಿ ನಾಯಿ ಎದುರಾದರೆ ನನ್ನ ತಾಯಿ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಬಲ್ಲರು. ಬಾಗಿಲು ಮುಚ್ಚಿದ ಕೋಣೆಯಲ್ಲಿ, ಎರಡು ಮೇಜುಗಳ ನಡುವೆ, ಎಪ್ಪತ್ತು ದಾಟಿದ ಹೆಂಗಸು ಎಲ್ಲಿಗೆ ಸರಿಯಬೇಕು? ಒಳಾಂಗಣಕ್ಕೂ ಹೊರಾಂಗಣಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಅದು ಸಣ್ಣದಲ್ಲ. ಬಾಲ್ಯದಲ್ಲಿ ನಾಯಿ ಕಚ್ಚಿಸಿಕೊಂಡವರು, ರೋಮದಿಂದ ಉಬ್ಬಸ ಬರುವವರು, ನಮಾಝಿನ ಬಟ್ಟೆಯಲ್ಲಿರುವವರು ಎಲ್ಲರೂ ಅದೇ ಕೋಣೆಗೆ ಅದೇ ಹಣ ಕೊಟ್ಟು ಬಂದಿರುತ್ತಾರೆ. ‘ಅವನು ಏನೂ ಮಾಡೋದಿಲ್ಲ’ ಎಂಬುದು ಒಡೆಯನಿಗೆ ತಿಳಿದ ಸತ್ಯ. ಪಕ್ಕದ ಮೇಜಿನವರಿಗೆ ಅದು ತಿಳಿದಿರುವುದಿಲ್ಲ.

ಆದರೆ ಈ ವಾದವನ್ನು ಮುಂದಿಡುವಾಗ ಅಳತೆ ತಪ್ಪಬಾರದು. ನಾಯಿ ಕಾಲಿಟ್ಟ ನೆಲವೆಲ್ಲ ಕೆಟ್ಟುಹೋಯಿತು ಎಂದು ನಮ್ಮಲ್ಲಿ ಕೆಲವರು ಮಾತನಾಡುತ್ತಾರೆ. ಪ್ರವಾದಿ(ಸ)ಯವರ ಕಾಲದಲ್ಲಿ ನಾಯಿಗಳು ಮಸೀದಿಯೊಳಗೆ ಬಂದು ಹೋಗುತ್ತಿದ್ದವು, ಅದಕ್ಕಾಗಿ ಯಾರೂ ನೆಲಕ್ಕೆ ನೀರು ಚಿಮುಕಿಸುತ್ತಿರಲಿಲ್ಲ ಎಂದು ಇಬ್ನು ಉಮರ್(ರ) ಹೇಳಿದ್ದು ಸಹೀಹ್ ಬುಖಾರಿಯಲ್ಲಿದೆ. ಇದಕ್ಕೆ ವಿದ್ವಾಂಸರು ಬೇರೆ ಬೇರೆ ವಿವರಣೆ ಕೊಟ್ಟಿದ್ದಾರೆ. ಆಗಿನ ಮಸೀದಿಗೆ ಬಾಗಿಲುಗಳಿರಲಿಲ್ಲ ಎನ್ನುವವರಿದ್ದಾರೆ, ನೆಲ ಒಣಗಿದರೆ ಶುದ್ಧವಾಗುತ್ತದೆ ಎನ್ನುವವರೂ ಇದ್ದಾರೆ. ಇಮಾಮ್ ಮಾಲಿಕ್(ರ)ರಂತೂ ನಾಯಿಯನ್ನು ಶುದ್ಧ ಜೀವಿ ಎಂದೇ ಎಣಿಸಿದರು. ಅದು ಬಾಯಿ ಹಾಕಿದ ಪಾತ್ರೆಯನ್ನು ತೊಳೆಯುವುದು ಅವರ ಪ್ರಕಾರ ಆಜ್ಞಾಪಾಲನೆಯ ಆರಾಧನೆ. ನಾನು ಮಾಲಿಕೀ ಅಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಇಷ್ಟು ದೊಡ್ಡ ಇಮಾಮರೊಬ್ಬರ ಅಭಿಪ್ರಾಯ ಅದಾಗಿರುವಾಗ ಒಂದು ನಾಯಿಯನ್ನು ನೋಡಿ ಸಭೆಯ ನಡುವೆ ಕೂಗಾಡುವ ಹಕ್ಕು ನನಗೆಲ್ಲಿಂದ ಬಂತು?

ನಾಯಿಯೊಡನೆ ಬಾಳುವುದು ನಮ್ಮ ಸೀಮೆಗೆ ಹೊಸದಲ್ಲ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ನನ್ನ ಚಾಚಾ ಹೊಗೆಸೊಪ್ಪು ಬೆಳೆಯುತ್ತಿದ್ದರು. ಬ್ಯಾರನ್‌ಗೆ ಬೆಂಕಿ ಹಾಕುವ ದಿನಗಳಲ್ಲಿ ರಾತ್ರಿಯಿಡೀ ಸೌದೆ ಒಟ್ಟುತ್ತಾ ಎಚ್ಚರವಿರಬೇಕು. ಜೊತೆಗೆ ಕರಿಯ ಎಂಬ ನಾಯಿ ಇರುತ್ತಿತ್ತು. ಹಂದಿ ಬಂದರೂ ಆನೆ ಬಂದರೂ ಮೊದಲು ತಿಳಿಯುತ್ತಿದ್ದುದು ಅದಕ್ಕೆ. ಬೇಸಾಯದ ನಾಯಿಗೆ ಹದೀಸಿನಲ್ಲೇ ಅನುಮತಿಯಿದೆಯಲ್ಲ, ಚಾಚಾ ನಿಶ್ಚಿಂತರಾಗಿದ್ದರು. ಆ ಮನೆಯಲ್ಲಿ ಕರಿಯನಿಗೆ ಅದರದೇ ತಟ್ಟೆ, ಅದರದೇ ಗೋಣಿಚೀಲ. ಅಡುಗೆಮನೆಯ ಹೊಸ್ತಿಲವರೆಗೆ ಬಂದು ಅಲ್ಲೇ ನಿಲ್ಲುತ್ತಿತ್ತು. ಅದಕ್ಕೆ ಯಾರೂ ಹೊಡೆದು ಕಲಿಸಿದ್ದನ್ನು ನಾನು ನೋಡಿಲ್ಲ. ಒಂದು ರಾತ್ರಿ ಚಿರತೆ ಅದನ್ನು ಹೊತ್ತೊಯ್ದಿತು. ಚಾಚಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹೊಸ್ತಿಲ ಆಚೆಗಿಟ್ಟ ಜೀವವನ್ನೂ ಮನುಷ್ಯ ಪ್ರೀತಿಸಬಲ್ಲ ಎಂಬುದನ್ನು ನಾನು ಮೊದಲು ಕಂಡದ್ದು ಅಲ್ಲಿ.

ಬಿ.ಎ.ಯಲ್ಲಿ ಹಳಗನ್ನಡ ಓದುವಾಗ ಆತಕೂರಿನ ಶಾಸನ ಪಾಠಕ್ಕಿತ್ತು. ಸುಮಾರು ಕ್ರಿ.ಶ. 950ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ಗಂಗರ ಬೂತುಗ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಹಂದಿಯನ್ನೂ ಕೊಂದು ತಾನೂ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿದ್ದ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿಯ ಪೂಜೆಯ ವಿಧಿ ನಮ್ಮದಲ್ಲ. ಆದರೂ ಕೆಫೆಯ ಆ ಹುಡುಗಿಯನ್ನು ಈಗಿನ ಫ್ಯಾಷನ್ನಿನ ಮಗು ಎಂದು ತಳ್ಳಿಹಾಕುವಾಗ ಮಣಲೆರ ನನಗೆ ಅಡ್ಡ ಬರುತ್ತಾನೆ. ಕನ್ನಡ ನಾಡಿನಲ್ಲಿ ಈ ಪ್ರೀತಿಗೆ ಸಾವಿರ ವರ್ಷ ದಾಟಿದೆ. ಬೈಲುಕುಪ್ಪೆಯ ಟಿಬೆಟನ್ನರ ಅಂಗಡಿಗಳ ಮುಂದೆ ನಾಯಿಗಳು ಹೇಗೆ ನೆಮ್ಮದಿಯಾಗಿ ಮಲಗಿರುತ್ತವೆ ಎಂಬುದನ್ನು ಆ ದಾರಿಯಲ್ಲಿ ಓಡಾಡುವ ಎಲ್ಲರೂ ನೋಡಿದ್ದೇವೆ.

ಇನ್ನೊಂದು ವಿಚಿತ್ರವನ್ನು ಹೇಳದೆ ಇರಲಾರೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾ ಸಂಕೀರ್ಣಗಳಿಂದ ಬೀದಿನಾಯಿಗಳನ್ನು ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟು 2025ರ ನವೆಂಬರ್ 7ರಂದು ಆದೇಶಿಸಿತು. ಕಚ್ಚಿಸಿಕೊಂಡ ಮಕ್ಕಳ ತಂದೆತಾಯಿಯ ಸಂಕಟ ಬಲ್ಲವರು ಅದನ್ನು ಸುಲಭವಾಗಿ ಟೀಕಿಸಲಾರರು. ಅದೇ ಹೊತ್ತಿನಲ್ಲಿ ಬೆಲೆಬಾಳುವ ತಳಿಯ ನಾಯಿಗೆ ತಂಪು ಕೋಣೆಯಲ್ಲಿ ಮೇಜಿನ ಪಕ್ಕ ಜಾಗವಿದೆ. ಬಸ್ ನಿಲ್ದಾಣದಿಂದ ಹೊರಬೀಳುವ ನಾಯಿಗೂ ಕೆಫೆಯೊಳಗೆ ಬರುವ ನಾಯಿಗೂ ಇರುವ ಅಂತರ ನಾಯಿಗಳದ್ದಲ್ಲ, ನಮ್ಮದು.

ಶುಕ್ರವಾರಗಳಲ್ಲಿ ನಾವು ಓದುವ ಸೂರಃ ಅಲ್‌ಕಹ್ಫ್‌ನಲ್ಲಿ ಗುಹೆಯ ಯುವಕರ ಜೊತೆಗೊಂದು ನಾಯಿ ಇದೆ. ಎಷ್ಟು ಸಲ ಓದಿದ್ದೇನೆ, ಆದರೆ ಆ ವಾರ ನನ್ನ ಕಣ್ಣು ನಿಂತದ್ದು ಒಂದೇ ಪದದ ಮೇಲೆ. ಹದಿನೆಂಟನೇ ಆಯತ್ತಿನಲ್ಲಿ ಆ ನಾಯಿ ಮುಂಗಾಲುಗಳನ್ನು ಚಾಚಿ ಮಲಗಿರುವುದು ‘ವಸೀದ್’ನಲ್ಲಿ, ಅಂದರೆ ಗುಹೆಯ ಹೊಸ್ತಿಲಿನಲ್ಲಿ. ಒಳಗೆ ಯುವಕರ ನಡುವೆಯೂ ಇಲ್ಲ, ಅಟ್ಟಿಬಿಟ್ಟು ದೂರದಲ್ಲೂ ಇಲ್ಲ. ಮುಂದೆ ಅವರ ಸಂಖ್ಯೆಯ ಬಗ್ಗೆ ಜನರ ಊಹೆಗಳನ್ನು ಹೇಳುವಾಗ ಮೂವರು, ನಾಲ್ಕನೆಯದು ಅವರ ನಾಯಿ. ಐವರು, ಆರನೆಯದು ನಾಯಿ. ಏಳು ಮಂದಿ, ಎಂಟನೆಯದು ನಾಯಿ ಎಂದು ಪ್ರತಿ ಲೆಕ್ಕದಲ್ಲೂ ನಾಯಿ ಎಣಿಕೆಗೆ ಬರುತ್ತದೆ. ಮಲಗಿದ ಜಾಗ ಹೊಸ್ತಿಲು, ಆದರೆ ಲೆಕ್ಕದಿಂದ ಹೊರಗಲ್ಲ.

ಇದು ಬರೀ ಓದಿನ ಮಾತಲ್ಲ. 2008ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಮಸೀದಿಯೊಂದು, ಅಂಧ ಮುಸ್ಲಿಮ್ ವಿದ್ಯಾರ್ಥಿಯೊಬ್ಬ ತನ್ನ ಮಾರ್ಗದರ್ಶಿ ನಾಯಿಯೊಡನೆ ಬರಲು ಅವಕಾಶ ಮಾಡಿಕೊಟ್ಟಿತು. ಅವನು ನಮಾಝ್ ಮುಗಿಸುವವರೆಗೆ ನಾಯಿ ಕಾಯಲು ಪ್ರವೇಶದ್ವಾರದ ಬಳಿ ಜಾಗ ಮಾಡಿದರು. ಕಣ್ಣಿಲ್ಲದವನ ನಾಯಿ ಬೇರೆ, ಪ್ರವಾಸಕ್ಕೆ ತಂದ ನಾಯಿ ಬೇರೆ, ನಿಜ. ಅಂಧನಿಗೆ ನಾಯಿಯೇ ಕಣ್ಣು. ಅವನು ಕೆಫೆಗೆ ಬಂದರೆ ನಾನೇ ಮೇಜು ಬಿಟ್ಟು ಏಳುತ್ತೇನೆ. ಉಳಿದವರ ನಾಯಿಗಳಿಗೆ ನಮ್ಮ ಹೆದ್ದಾರಿಯ ಕೆಫೆಗಳು ಹೊರಗಡೆ ನೆರಳಿನ ಜಗಲಿ, ಕುಡಿಯುವ ನೀರಿನ ಪಾತ್ರೆ, ಪಕ್ಕದಲ್ಲೇ ಒಡೆಯರು ಕೂರಲು ಎರಡು ಮೇಜು ಹಾಕಿದರೆ ಸಾಕು. ಬಾಗಿಲಿಗೆ ಕನ್ನಡದಲ್ಲಿ ಒಂದು ಫಲಕ ಹಾಕಿದರೆ ನನ್ನಂಥವರು ಒಳಗೆ ಬಂದು ದನಿ ಏರಿಸುವ ಪ್ರಸಂಗವೂ ಬರುವುದಿಲ್ಲ.

ಆ ಹುಡುಗನಿಗೆ ನಾನು ಶಿಕ್ಷೆ ಕೊಡಲಿಲ್ಲ. ಕೊಡುವುದಾದರೆ ಇಬ್ಬರಿಗೂ ಕೊಡಬೇಕಿತ್ತು. ತರಗತಿಯಲ್ಲಿ ಕೆಫೆಯ ಕಥೆಯನ್ನು ಮತ್ತೊಮ್ಮೆ, ಈ ಸಲ ಬಣ್ಣವಿಲ್ಲದೆ, ಮಗಳು ಕೇಳಿದ ಪ್ರಶ್ನೆಯನ್ನೂ ನಾನು ಕೊಟ್ಟ ಉತ್ತರವನ್ನೂ ಸೇರಿಸಿ ಹೇಳಿದೆ. ಯಾರೂ ನಗಲಿಲ್ಲ. ಪಶುವೈದ್ಯರು ಬಂದು ನಾಯಿಯ ಕಾಲು ನೋಡಿ, ಮೂಳೆ ಮುರಿದಿಲ್ಲವೆಂದರು, ರೇಬಿಸ್ ಲಸಿಕೆಯನ್ನೂ ಹಾಕಿದರು. ಈಗ ಒಡೆದ ತೆಂಗಿನ ಚಿಪ್ಪಿನಲ್ಲಿ ಅದಕ್ಕೆ ನೀರಿಡುವ ಕೆಲಸ ಆ ಹುಡುಗನದು. ನೀರಿಟ್ಟು ಕೈತೊಳೆದು ತರಗತಿಗೆ ಬರುತ್ತಾನೆ. ನಾಯಿ ಸ್ವಲ್ಪ ಕುಂಟುತ್ತಾ ಬಂದು ಮೆಟ್ಟಿಲ ಬಳಿ, ಮಕ್ಕಳು ಚಪ್ಪಲಿ ಬಿಡುವ ಜಾಗದಲ್ಲಿ ಮಲಗುತ್ತದೆ. ಕಳೆದ ವಾರ ಒಬ್ಬನ ಒಂದು ಚಪ್ಪಲಿಯನ್ನು ಕಚ್ಚಿಕೊಂಡು ಹೋಯಿತು. ಯಾರೂ ಕಲ್ಲೆತ್ತಲಿಲ್ಲ. ಚಪ್ಪಲಿ ಕಳೆದುಕೊಂಡವನ ತಾಯಿ ಮಾತ್ರ ಮರುದಿನ ನನ್ನನ್ನು ಹುಡುಕಿಕೊಂಡು ಬಂದಿದ್ದರು.