ಹಳೆಯ ಕಂಪ್ಯೂಟರಿಗೆ ಇನ್ನಷ್ಟು ಆಯುಷ್ಯ

ನಮ್ಮ ಹಿರಿಯರು ಒಂದು ವಸ್ತು ಹಳತಾಯಿತು ಎಂದು ಸುಲಭದಲ್ಲಿ ಹೇಳುತ್ತಿರಲಿಲ್ಲ. ಕೊಡೆಯ ಕಡ್ಡಿ ಮುರಿದರೆ ಮಳೆಗಾಲಕ್ಕೆ ಮುಂಚೆ ರಿಪೇರಿ ಮಾಡಿಸುತ್ತಿದ್ದರು. ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರು. ತಾಯಿಯ ಹೊಲಿಗೆ ಯಂತ್ರ ಮಗಳ ಮನೆಗೆ ಹೋಗಿ ಅಲ್ಲಿಯೂ ಇಪ್ಪತ್ತು ವರ್ಷ ದುಡಿಯುತ್ತಿತ್ತು. ಬಡತನ ಇದಕ್ಕೆ ಒಂದು ಕಾರಣವಿರಬಹುದು. ಆದರೆ ಅದೊಂದೇ ಕಾರಣವಲ್ಲ. ವಸ್ತುವಿನ ಯಾವ ಭಾಗ ಕೆಟ್ಟಿದೆ, ಯಾವ ಭಾಗ ಇನ್ನೂ ಗಟ್ಟಿಯಾಗಿದೆ ಎಂಬ ತಿಳಿವಳಿಕೆ ಅವರಿಗಿತ್ತು. ಕಂಪ್ಯೂಟರ್ ವಿಷಯಕ್ಕೆ ಬಂದಾಗ ಈ ತಿಳಿವಳಿಕೆ ನಮ್ಮ ಕೈ ತಪ್ಪಿದೆ. ‘ಸ್ಲೋ ಆಗಿದೆ’ ಎಂಬ ಒಂದೇ ಮಾತಿಗೆ ಇಡೀ ಪೆಟ್ಟಿಗೆ ಗುಜರಿಗೆ ಹೋಗುತ್ತದೆ.

ಕರಾವಳಿಯ ನಮ್ಮ ಊರಿನಲ್ಲಿ ಮೊಹಲ್ಲಾದ ಹುಡುಗ ಹುಡುಗಿಯರಿಗಾಗಿ ನಾವು ಕೆಲವರು ಸೇರಿ ಒಂದು ಓದುಕೋಣೆ ನಡೆಸುತ್ತಿದ್ದೇವೆ. ನಾಲ್ಕು ಕಪಾಟು ಪುಸ್ತಕ, ದಿನಪತ್ರಿಕೆಗಳು, ಮೂಲೆಯಲ್ಲಿ ಒಂದು ಕಂಪ್ಯೂಟರ್. ಮನೆಯಲ್ಲಿ ಮೊಬೈಲ್ ಬಿಟ್ಟರೆ ಬೇರೇನೂ ಇಲ್ಲದ ಮಕ್ಕಳಿಗೆ ಆ ಮೂಲೆಯೇ ದೊಡ್ಡ ಆಸರೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ಗೆ ಅರ್ಜಿ ತುಂಬುವುದು, ಆದಾಯ ಪ್ರಮಾಣಪತ್ರ ಸ್ಕ್ಯಾನ್ ಮಾಡಿ ಸೇರಿಸುವುದು, ಸಿಇಟಿ ಅರ್ಜಿ, ಪಾಠದ ವೀಡಿಯೊ, ಕಾಲೇಜಿನ ಪ್ರಾಜೆಕ್ಟ್, ಎಲ್ಲವೂ ಅಲ್ಲೇ. 2025ರ ಕೊನೆಗೆ ಬರುವಾಗ ಅದು ತೀರಾ ನಿಧಾನವಾಗಿತ್ತು. ಅರ್ಜಿಯ ಕೊನೆಯ ದಿನ ಹತ್ತಿರವಾದಂತೆ ಸಾಲು ಉದ್ದವಾಗುತ್ತಿತ್ತು. ಒಬ್ಬಳು ಒಂದು ಪುಟ ತೆರೆಯುವಷ್ಟರಲ್ಲಿ ಹಿಂದೆ ನಿಂತವಳು ಗಡಿಯಾರ ನೋಡುತ್ತಿದ್ದಳು.

ನಿಧಿಯಲ್ಲಿ 36 ಸಾವಿರ ರೂಪಾಯಿ ಇತ್ತು. ಹೊಸ ಕಂಪ್ಯೂಟರಿಗೆ ಅಂಗಡಿಯವರು ಹೇಳಿದ್ದು 34 ಸಾವಿರ. ಆದರೆ ಅದೇ ನಿಧಿಯಿಂದ ಪ್ರತಿವರ್ಷ ಕೆಲವು ಮಕ್ಕಳ ಕಾಲೇಜು ಶುಲ್ಕವನ್ನೂ ಕಟ್ಟಬೇಕು. ದ್ವಿತೀಯ ಪಿಯುಸಿಯ ಇಬ್ಬರು ಹುಡುಗಿಯರ ಎರಡನೇ ಕಂತು ಬಾಕಿ ಇತ್ತು. ಕಂಪ್ಯೂಟರ್ ಕೊಂಡರೆ ಶುಲ್ಕಕ್ಕೆ ಹಣವಿಲ್ಲ. ಶುಲ್ಕ ಕಟ್ಟಿದರೆ ಅರ್ಜಿ ತುಂಬಲು ಯಂತ್ರವಿಲ್ಲ. ನಮ್ಮ ಮುಂದಿದ್ದ ಇಕ್ಕಟ್ಟು ಇಷ್ಟೇ.

ಕಂಪ್ಯೂಟರ್ ರಿಪೇರಿ ಬಲ್ಲ, ಹಿಂದೆ ಇದೇ ಓದುಕೋಣೆಯಲ್ಲಿ ಓದಿ ಬೆಳೆದ ಯುವಕನೊಬ್ಬ ಸಭೆಗೆ ಬಂದಿದ್ದ. ಇಡೀ ಪೆಟ್ಟಿಗೆ ಬದಲಿಸುವ ಬದಲು ಪ್ರೊಸೆಸರ್ ಮಾತ್ರ ಬದಲಿಸಿ ನೋಡಬಹುದು ಎಂದು ಅವನು ಹೇಳಿದ. ಆಗ ನಮ್ಮೊಳಗಿನ ನಿವೃತ್ತ ಅಧ್ಯಾಪಕರೊಬ್ಬರು ಕೇಳಿದ ಪ್ರಶ್ನೆ ನಮ್ಮೆಲ್ಲರನ್ನೂ ಒಂದು ಕ್ಷಣ ಸುಮ್ಮನಾಗಿಸಿತು:

“ಬಡವರ ಮಕ್ಕಳಿಗೆ ಯಾವಾಗಲೂ ಹಳತೇ ಏಕೆ? ಹಳೆ ಬಟ್ಟೆ, ಹಳೆ ಪುಸ್ತಕ, ಈಗ ಹಳೆ ಕಂಪ್ಯೂಟರ್. ನಮ್ಮ ಸ್ವಂತ ಮಕ್ಕಳಿಗೆ ಇದನ್ನು ಕೊಡುತ್ತೇವೆಯೇ?”

ಪ್ರಶ್ನೆ ನ್ಯಾಯವಾದದ್ದು. ದಾನದ ಹೆಸರಿನಲ್ಲಿ ಬೇಡವಾದದ್ದನ್ನು ದಾಟಿಸುವ ಅಭ್ಯಾಸ ನಮ್ಮ ಸಮಾಜದಲ್ಲಿ ಇಲ್ಲವೆನ್ನಲಾಗದು. ಯುವಕ ವಾದಕ್ಕೆ ಇಳಿಯಲಿಲ್ಲ. “ಮೊದಲು ರೋಗ ಯಾವುದು ಅಂತ ನೋಡುವ ಮಾಸ್ಟ್ರೇ, ಮದ್ದು ಆಮೇಲೆ” ಎಂದಷ್ಟೇ ಹೇಳಿದ.

ನಾವು ಅವನ ಜೊತೆ ಕುಳಿತು ನೋಡಿದೆವು. ಮಕ್ಕಳು ದಿನವೂ ಮಾಡುವ ಕೆಲಸವನ್ನೇ ಮಾಡುತ್ತಾ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟೆವು. 8 ಜಿಬಿ ಮೆಮೊರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. 2021ರಲ್ಲಿ ಹಳೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ್ದರಿಂದ ಅದಕ್ಕೂ ತೊಂದರೆಯಿಲ್ಲ. ಆದರೆ ಪ್ರೊಸೆಸರ್ ಮಾತ್ರ ನೂರಕ್ಕೆ ನೂರು ದುಡಿದು ಬಸವಳಿಯುತ್ತಿತ್ತು. ನಮ್ಮ ಯಂತ್ರದಲ್ಲಿದ್ದದ್ದು 2011ರ ಪೆಂಟಿಯಂ ಜಿ620. ಅದಕ್ಕಿರುವುದು ಎರಡು ಕೋರ್‌ಗಳು. ಐನೂರು ಜನರ ಮದುವೆಗೆ ಇಬ್ಬರೇ ಅಡುಗೆಯವರು ನಿಂತಂತೆ. ಉಗ್ರಾಣದಲ್ಲಿ ಅಕ್ಕಿ ಎಷ್ಟಿದ್ದರೇನು, ಒಲೆಯ ಮುಂದೆ ಕೈಗಳು ಸಾಲದು.

ಓದುಗರು ಗಮನಿಸಬೇಕಾದ ಮಾತು ಇದು. ಕಂಪ್ಯೂಟರ್ ನಿಧಾನವಾಗಲು ಬೇರೆ ಬೇರೆ ಕಾರಣಗಳಿವೆ. ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ಮೊದಲು ಎಸ್‌ಎಸ್‌ಡಿ ಬೇಕು. 2 ಅಥವಾ 4 ಜಿಬಿ ಮೆಮೊರಿ ಇದ್ದರೆ ಅದನ್ನು ಹೆಚ್ಚಿಸಬೇಕು. ಇವೆರಡೂ ಸರಿಯಿದ್ದು ಪ್ರೊಸೆಸರ್ ಒಂದೇ ಏದುಸಿರು ಬಿಡುತ್ತಿದ್ದರೆ ಮಾತ್ರ ಅದನ್ನು ಬದಲಿಸುವುದರಲ್ಲಿ ಅರ್ಥವಿದೆ.

ಆದರೆ ಯಾವ ಪ್ರೊಸೆಸರನ್ನು ಬೇಕಾದರೂ ತಂದು ಕೂರಿಸಲಾಗದು. ಮದರ್‌ಬೋರ್ಡಿನಲ್ಲಿರುವ ಸಾಕೆಟ್‌ಗೆ ಅದು ಹೊಂದಬೇಕು. ನಮ್ಮದು ಎಚ್61 ಚಿಪ್‌ಸೆಟ್‌ನ ಬೋರ್ಡು, ಎಲ್‌ಜಿಎ 1155 ಸಾಕೆಟ್. ಅದಕ್ಕೆ ಹೊಂದುವುದು ಇಂಟೆಲ್‌ನ ಎರಡನೇ ಮತ್ತು ಮೂರನೇ ತಲೆಮಾರಿನ ಪ್ರೊಸೆಸರುಗಳು. ಮೂರನೇ ತಲೆಮಾರಿನದ್ದು ಬೇಕಿದ್ದರೆ ಇಂಥ ಹಳೆ ಬೋರ್ಡಿನ ಬಯೋಸ್ ತಂತ್ರಾಂಶವನ್ನು ಮೊದಲು ನವೀಕರಿಸಬೇಕು. ಅದರ ಮಧ್ಯೆ ಕರೆಂಟು ಹೋದರೆ ಬೋರ್ಡೇ ಕೈಕೊಡುವ ಅಪಾಯವಿದೆ. ನಮ್ಮ ಊರಿನ ಕರೆಂಟನ್ನು ನಂಬಿ ಆ ಸಾಹಸ ಬೇಡವೆಂದು ಎರಡನೇ ತಲೆಮಾರಿನ ಕೋರ್ ಐ5-2400 ಅನ್ನು ಆರಿಸಿಕೊಂಡೆವು. ನಾಲ್ಕು ಕೋರ್‌ಗಳು, 3.1 ಗಿಗಾಹರ್ಟ್ಸ್ ವೇಗ. ಹಳೆಯದು 65 ವ್ಯಾಟ್‌ನದ್ದು, ಇದು 95 ವ್ಯಾಟ್‌ನದ್ದು. ಆದ್ದರಿಂದ ಬೋರ್ಡ್ ತಯಾರಕರ ಪಟ್ಟಿಯಲ್ಲಿ ಇದರ ಹೆಸರಿದೆಯೇ ಎಂದು ನೋಡಿ, ಪವರ್ ಸಪ್ಲೈಯನ್ನೂ ಪರೀಕ್ಷಿಸಿ, ಫ್ಯಾನನ್ನು ಬದಲಿಸಲು ನಿಶ್ಚಯಿಸಿದೆವು.

ಈ ಹೊತ್ತಿನಲ್ಲಿ ನಮಗೆ ತಿಳಿದ ಒಂದು ಸಂಗತಿ ಇದೆ. ನಾವು ‘ಹೊಸದು’ ಎಂದು ತರಿಸುತ್ತಿದ್ದ ಪ್ರೊಸೆಸರ್ ಕೂಡ 2011ರದ್ದೇ! ಬಿಡುಗಡೆಯಾದಾಗ ಇಂಟೆಲ್‌ನ ಪಟ್ಟಿಯಲ್ಲಿ ಜಿ620ರ ದರ 64 ಡಾಲರ್, ಐ5-2400ರ ದರ 184 ಡಾಲರ್. ಅಂದರೆ ಎರಡರ ವಯಸ್ಸು ಒಂದೇ. ಬೆಲೆಯಲ್ಲಿ ಮಾತ್ರ ಮೂರು ಪಟ್ಟು ಅಂತರವಿತ್ತು. ಅಂದು ಉಳ್ಳವರ ಕಚೇರಿಗಳಿಗೆ ಹೋದದ್ದು ಇಂದು ಅಲ್ಲಿಂದ ಕಳಚಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ. ಪ್ರೊಸೆಸರಿನಲ್ಲಿ ತಿರುಗುವ, ಸವೆಯುವ ಭಾಗಗಳಿಲ್ಲ. ಅತಿಯಾಗಿ ಬಿಸಿಯಾಗದಂತೆ ನೋಡಿಕೊಂಡರೆ ಫ್ಯಾನ್, ಡಿಸ್ಕ್, ಪವರ್ ಸಪ್ಲೈಗಳು ಕೆಟ್ಟರೂ ಅದು ಬಾಳುತ್ತದೆ. ಪ್ರೊಸೆಸರಿಗೆ 1,400 ರೂಪಾಯಿ, ಫ್ಯಾನ್ ಮತ್ತು ಥರ್ಮಲ್ ಪೇಸ್ಟ್‌ಗೆ 600. ಒಟ್ಟು 2 ಸಾವಿರದಲ್ಲಿ ಕೆಲಸ ಮುಗಿಯಿತು.

ಒಂದು ಭಾನುವಾರ ಯುವಕ ಮಕ್ಕಳನ್ನು ಸುತ್ತ ಕೂರಿಸಿಕೊಂಡೇ ಪೆಟ್ಟಿಗೆ ಬಿಚ್ಚಿದ. ಒಳಗೆ ಹದಿನಾಲ್ಕು ವರ್ಷಗಳ ಧೂಳು. ಈ ಸಾಕೆಟ್‌ನ ಸೂಕ್ಷ್ಮ ಪಿನ್ನುಗಳು ಪ್ರೊಸೆಸರಿನಲ್ಲಲ್ಲ, ಬೋರ್ಡಿನಲ್ಲಿರುತ್ತವೆ, ಒಂದು ಬಾಗಿದರೂ ಕಷ್ಟ ಎಂದು ತೋರಿಸಿದ. ಮೂಲೆಯ ತ್ರಿಕೋನದ ಗುರುತು, ಬದಿಯ ಎರಡು ಕಚ್ಚುಗಳನ್ನು ಹೊಂದಿಸಿ, ಒತ್ತದೆ, ಮೆಲ್ಲನೆ ಇರಿಸಿದ. ಬಟಾಣಿಗಿಂತ ಚಿಕ್ಕದಾಗಿ ಪೇಸ್ಟ್ ಇಟ್ಟು ಫ್ಯಾನ್ ಕೂರಿಸಿದ. ಎಂಟನೇ ತರಗತಿಯ ಹುಡುಗಿಯೊಬ್ಬಳು ಫ್ಯಾನಿನ ವಯರ್ ಸಿಕ್ಕಿಸಿದಳು. ಅರ್ಜಿಯ ಪುಟ, ಪಿಡಿಎಫ್ ಕಡತ, ಪಾಠದ ವೀಡಿಯೊ ಮೂರನ್ನೂ ಒಟ್ಟಿಗೆ ತೆರೆದಾಗ ಯಂತ್ರ ತಡವರಿಸಲಿಲ್ಲ. ಆನ್ ಆಗುವ ಸಮಯದಲ್ಲೇನೂ ದೊಡ್ಡ ವ್ಯತ್ಯಾಸವಾಗಲಿಲ್ಲ. ಆ ಲಾಭ ಎಸ್‌ಎಸ್‌ಡಿಯಿಂದ ಮೊದಲೇ ಸಿಕ್ಕಿತ್ತು.

ಇನ್ನೊಂದು ಗೋಡೆ ಮಾತ್ರ ಹಾಗೇ ಉಳಿಯಿತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಅಂಥದ್ದು ನಮ್ಮ ಸಾಕೆಟ್‌ಗೆ ಕೂರುವುದೇ ಇಲ್ಲ. ಆದ್ದರಿಂದ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿದೆವು. ಯೂನಿಕೋಡ್ ಕನ್ನಡ ಅದರಲ್ಲಿ ಸರಾಗವಾಗಿ ಬರುತ್ತದೆ. ಅರ್ಜಿಗಳೆಲ್ಲ ಬ್ರೌಸರಿನಲ್ಲೇ ಇರುವುದರಿಂದ ಮಕ್ಕಳಿಗೆ ಒಂದು ವಾರದಲ್ಲಿ ರೂಢಿಯಾಯಿತು.

ಹಾಗಾದರೆ ಅಧ್ಯಾಪಕರ ಪ್ರಶ್ನೆಗೆ ಉತ್ತರ ಸಿಕ್ಕಿತೇ? ಅರ್ಧ ಸಿಕ್ಕಿತು. ಅರ್ಜಿ, ಓದು, ಬರಹಕ್ಕೆ ಈ ಯಂತ್ರ ಯಾವ ಹೊಸದಕ್ಕೂ ಕಡಿಮೆಯಿಲ್ಲ. ಆದರೆ ಸಿವಿಲ್ ಡಿಪ್ಲೊಮಾ ಓದುವ ನಮ್ಮ ಹುಡುಗನ ನಕ್ಷೆಯ ತಂತ್ರಾಂಶ ಇದರಲ್ಲಿ ನಡೆಯುವುದಿಲ್ಲ. ಅವನಿಗೆ ‘ಇರುವುದರಲ್ಲಿ ಸುಧಾರಿಸಿಕೊ’ ಎನ್ನುವುದು ಅನ್ಯಾಯ. ಅಲ್ಲಿ ಅಧ್ಯಾಪಕರ ಮಾತೇ ಸರಿ. ಅವನಿಗಾಗಿ ಬೇರೆ ವ್ಯವಸ್ಥೆಯಾಗಬೇಕೆಂದು ಅವರೇ ಮುಂದೆ ನಿಂತು ದಾನಿಗಳನ್ನು ಕಾಣುತ್ತಿದ್ದಾರೆ. ಹಳತನ್ನು ಕೊಡುವುದರಲ್ಲಿ ಅವಮಾನವಿಲ್ಲ. ಕೆಲಸಕ್ಕೆ ಬಾರದ್ದನ್ನು ಕೊಟ್ಟು ಉಪಕಾರ ಮಾಡಿದೆವೆಂದುಕೊಳ್ಳುವುದರಲ್ಲಿ ಇದೆ.

ಗುಜರಿಗೆ ಹೋಗುವ ವಸ್ತು ಅಲ್ಲಿಗೆ ಮುಗಿಯುವುದಿಲ್ಲ ಎಂಬುದನ್ನೂ ನಾವು ಮರೆಯಬಾರದು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಯಿತು. ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ಲೆಕ್ಕ ಸಿಕ್ಕಿದ್ದು ಶೇ. 22.3ಕ್ಕೆ ಮಾತ್ರ. ಉಳಿದದ್ದರಲ್ಲಿ ಎಷ್ಟೋ ಪಾಲು ಬರಿಗೈಯಲ್ಲಿ ಬೋರ್ಡು ಒಡೆಯುವ, ತಾಮ್ರಕ್ಕಾಗಿ ವಯರು ಸುಟ್ಟು ಆ ಹೊಗೆ ಕುಡಿಯುವ ಬಡವರ ಕೈಗೆ ಸೇರುತ್ತದೆ. ಆ ಕೈಗಳೂ ನಮ್ಮ ನಡುವಿನವೇ. ಈ ಯಂತ್ರದ ಕೊನೆಗಾಲ ಬಂದಾಗ ಅದನ್ನು ನೋಂದಾಯಿತ ಮರುಬಳಕೆ ಘಟಕಕ್ಕೇ ಒಪ್ಪಿಸಬೇಕೆಂದು ಈಗಲೇ ನಿರ್ಣಯ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ.

ಇಬ್ಬರು ಹುಡುಗಿಯರ ಶುಲ್ಕ ಕಟ್ಟಿಯಾಯಿತು. ಉಳಿದ ಹಣ ಮುಂದಿನ ವರ್ಷದ ಮಕ್ಕಳಿಗೆ ನಿಧಿಯಲ್ಲಿದೆ. ಅಂದು ಫ್ಯಾನಿನ ವಯರ್ ಸಿಕ್ಕಿಸಿದ ಹುಡುಗಿ ಈಗ ತಿಂಗಳಿಗೊಮ್ಮೆ ಪೆಟ್ಟಿಗೆಯ ಧೂಳು ತೆಗೆಯುವ ಹೊಣೆ ಹೊತ್ತಿದ್ದಾಳೆ. ಯಾವ ಭಾಗ ಕೆಟ್ಟಿದೆ, ಯಾವುದು ಗಟ್ಟಿಯಿದೆ ಎಂದು ನೋಡಿ ಹೇಳಬಲ್ಲವರು ಇನ್ನು ಮುಂದೆ ನಮ್ಮ ಓದುಕೋಣೆಯಲ್ಲೇ ಇರುತ್ತಾರೆ.