ನಿಲ್ಲಿಸುವ ನೆಲವೂ ಪರಿಗ್ರಹವೇ

ಪರಿಗ್ರಹವೆಂದೊಡನೆ ನಮ್ಮ ಶ್ರಾವಕರ ಮನಸ್ಸಿಗೆ ಬರುವುದು ಹೊನ್ನು, ಮನೆ, ಹೊಲ, ಬ್ಯಾಂಕಿನ ಠೇವಣಿ. ಇವುಗಳಿಗೆಲ್ಲ ಕಾಗದಪತ್ರಗಳುಂಟು, ಆದುದರಿಂದ ಇವುಗಳ ಪರಿಮಾಣವನ್ನು ಗೊತ್ತುಪಡಿಸಿಕೊಳ್ಳುವುದೂ ಕಷ್ಟವಲ್ಲ. ಆದರೆ ಯಾವ ಕಾಗದಪತ್ರವೂ ಇಲ್ಲದೆ ನಾವು ಪ್ರತಿದಿನ 'ನನ್ನದು' ಎಂದು ಹಿಡಿದುಕೊಳ್ಳುವ ವಸ್ತುವೊಂದಿದೆ. ಅದು ವಾಹನ ನಿಲ್ಲಿಸುವ ಜಾಗ. ವಿಷಯ ಕ್ಷುಲ್ಲಕವೆಂದು ವಾಚಕರಿಗೆ ತೋರಬಹುದು. ದಿನನಿತ್ಯದ ಕಷಾಯಗಳು ಹುಟ್ಟುವುದು ಇಂತಹ ಕ್ಷುಲ್ಲಕ ಸ್ಥಳಗಳಲ್ಲಿಯೇ ಆದುದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಅಂಗಡಿಯ ಹೊಣೆಯನ್ನು ಮಕ್ಕಳಿಗೆ ಒಪ್ಪಿಸಿದ ಮೇಲೆ ಪ್ರಾಕೃತ ಗ್ರಂಥಗಳ ವ್ಯಾಸಂಗಕ್ಕಾಗಿ ನಾನು ವಾರದಲ್ಲಿ ಎರಡು ಮೂರು ದಿನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗುತ್ತೇನೆ. ಮೊದಲು ಗ್ರಂಥಾಲಯದ ಮುಂದೆ ಹೊಂಗೆಯ ಮರಗಳಿದ್ದ ವಿಶಾಲವಾದ ಬಯಲಿತ್ತು. ಯಾರು ಬಂದರೂ ನೆರಳಿನಲ್ಲಿ ವಾಹನ ನಿಲ್ಲಿಸಿ ಒಳಗೆ ಹೋಗಬಹುದಾಗಿತ್ತು. ಈಗ ಅದರ ಅರ್ಧಭಾಗದಲ್ಲಿ ಹೊಸ ಕಟ್ಟಡವೆದ್ದಿದೆ. ಉಳಿದ ಅರ್ಧದಲ್ಲಿ ಬಹುಪಾಲನ್ನು ಹಗ್ಗ ಕಟ್ಟಿ, ಅಧಿಕಾರಿಗಳಿಗೆ ಮಾತ್ರ ಎಂಬ ಫಲಕ ಹಾಕಿದ್ದಾರೆ. ಬೆಳಗಿನ ಹತ್ತು ಗಂಟೆಯಾಗುವಷ್ಟರಲ್ಲಿ ಹೊರಗಿನ ಜಾಗ ತುಂಬಿಹೋಗಿರುತ್ತದೆ. ಹಗ್ಗದೊಳಗಿನ ನಾಲ್ಕಾರು ಸ್ಥಳಗಳು ಸಂಜೆಯವರೆಗೆ ಬರಿದಾಗಿಯೇ ಇರುತ್ತವೆ. ಕಾವಲುಗಾರನನ್ನು ಕೇಳಿದರೆ, 'ಸಾಹೇಬರು ಬಂದರೆ ಎಲ್ಲಿ ನಿಲ್ಲಿಸುತ್ತಾರೆ ಸ್ವಾಮಿ?' ಎನ್ನುತ್ತಾನೆ. ಅವನನ್ನು ದೂರಿ ಫಲವಿಲ್ಲ.

ಇದರಿಂದಾದ ನಷ್ಟ ನನ್ನೊಬ್ಬನ ಕಾಲಹರಣವಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತು. ನನ್ನೊಡನೆ ಒಂದೇ ಮೇಜಿನಲ್ಲಿ ಕುಳಿತು ಹಳೆಯ ಟೀಕಾಗ್ರಂಥವೊಂದರ ಪಾಠಗಳನ್ನು ಹೋಲಿಸುತ್ತಿದ್ದ ಹಿರಿಯರೊಬ್ಬರಿದ್ದರು. ಅವರಿಗೆ ಮಂಡಿನೋವು. ದೂರದ ಮೈದಾನದಲ್ಲಿ ಇಳಿದು ಅಷ್ಟು ನಡೆಯಲಾರದೆ ಅವರು ಬರುವುದನ್ನೇ ಬಿಟ್ಟರು. ಅವರ ಕೆಲಸ ಅರ್ಧಕ್ಕೆ ನಿಂತಿದೆ. ಪ್ರಾಕೃತವನ್ನು ಓದಬಲ್ಲವರು ಬೆರಳೆಣಿಕೆಯಷ್ಟಿರುವ ಕಾಲದಲ್ಲಿ ಹತ್ತಡಿ ನೆಲಕ್ಕಾಗಿ ಒಬ್ಬ ಓದುಗರನ್ನು ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ.

ಲೆಕ್ಕದ ಮಾತು ಬಂದಿತಾದ್ದರಿಂದ ವ್ಯಾಪಾರಿಯ ರೀತಿಯಲ್ಲಿಯೇ ನೋಡೋಣ. ನಮ್ಮ ದೇಶದ ನಗರಯೋಜಕರು ಬಯಲಿನಲ್ಲಿ ಒಂದು ಕಾರಿಗೆ, ಅದು ಓಡಾಡುವ ದಾರಿಯನ್ನೂ ಸೇರಿಸಿ, ಸುಮಾರು 23 ಚದರ ಮೀಟರ್ ಜಾಗ ಬೇಕೆಂದು ಎಣಿಸುತ್ತಾರೆ. ನೆಲಮಾಳಿಗೆಯಲ್ಲಾದರೆ 32 ಚದರ ಮೀಟರ್. 23 ಚದರ ಮೀಟರ್ ಎಂದರೆ ಹೆಚ್ಚುಕಡಿಮೆ 247 ಚದರ ಅಡಿ. ನಾನು ನಲವತ್ತು ವರ್ಷ ಕುಳಿತು ಸಂಸಾರ ನಡೆಸಿದ ಅಂಗಡಿಯ ವಿಸ್ತೀರ್ಣ 120 ಚದರ ಅಡಿ. ಒಬ್ಬನೇ ಮನುಷ್ಯನನ್ನು ಹೊತ್ತು ತಂದು ಎಂಟು ಗಂಟೆ ಸುಮ್ಮನೆ ನಿಲ್ಲುವ ಕಾರು, ಅಂತಹ ಎರಡು ಅಂಗಡಿಗಳ ನೆಲವನ್ನು ಬಾಡಿಗೆಯಿಲ್ಲದೆ ಅನುಭವಿಸುತ್ತದೆ. ವಾಹನ ನಿಲುಗಡೆಯ ಶುಲ್ಕವು ನೆಲದ ಬೆಲೆಗೆ ಅನುಗುಣವಾಗಿರಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ಹೇಳಿದೆ. ಉಚಿತವೆನಿಸಿದ ಜಾಗದ ವೆಚ್ಚವನ್ನು ಕೊನೆಗೆ ವಾಹನವಿಲ್ಲದವರೂ ಭರಿಸಬೇಕಾಗುತ್ತದೆಂದು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ 2005ರಲ್ಲಿ ಪ್ರಕಟವಾದ ತಮ್ಮ ದೊಡ್ಡ ಗ್ರಂಥದಲ್ಲಿ ವಿವರವಾಗಿ ತೋರಿಸಿದ್ದಾರೆ.

ಈ ವ್ಯಾಧಿ ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. 1958ರಿಂದ 1967ರವರೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ಅವರು, ಅಧ್ಯಾಪಕವರ್ಗವನ್ನು ಒಂದುಗೂಡಿಸಿರುವ ಸಂಗತಿ ನಿಲುಗಡೆಯ ಬಗೆಗಿನ ದೂರೇ ಎಂದು ವಿನೋದವಾಗಿ ಹೇಳಿದ್ದರು. ಅದೇ ವಿಶ್ವವಿದ್ಯಾಲಯದ ಬರ್ಕ್‌ಲಿ ಆವರಣದಲ್ಲಿ ನೊಬೆಲ್ ಪುರಸ್ಕೃತರಿಗೆ ಕಾರು ನಿಲ್ಲಿಸುವ ಮೀಸಲು ಸ್ಥಳವನ್ನು ಕೊಡುವ ಪದ್ಧತಿಯಿದೆ. ಲೋಕದ ಶ್ರೇಷ್ಠ ಪುರಸ್ಕಾರ ಪಡೆದವರಿಗೂ ಕೊಡತಕ್ಕ ಗೌರವವು ಒಂದು ಕಾರಿನಷ್ಟು ನೆಲವಾಯಿತೆಂದರೆ, ಆ ನೆಲದ ಮೇಲಿನ ಮೂರ್ಛೆ ಎಷ್ಟು ಆಳವಾದುದೆಂದು ಊಹಿಸಬಹುದು. ನಮ್ಮ ಆಚಾರ್ಯರು ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ಮೂರ್ಛೆಯಲ್ಲಿ ಗುರುತಿಸಿದುದು ಎಷ್ಟು ಸಾರ್ಥಕ!

ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ತೆರೆದು ನೋಡಬೇಕು. 150 ಶ್ಲೋಕಗಳ ಈ ಕಿರುಗ್ರಂಥದಲ್ಲಿ ಪರಿಮಿತ ಪರಿಗ್ರಹವ್ರತದ ಐದು ಅತಿಚಾರಗಳನ್ನು ಹೇಳುವಾಗ ಮೊದಲು ಬರುವುದೇ ಅತಿವಾಹನ. ಲೋಭದಿಂದ ಎತ್ತು ಮೊದಲಾದ ಪಶುಗಳನ್ನು ಅವುಗಳ ಶಕ್ತಿಗೆ ಮೀರಿ ನಡೆಸುವುದು ಎಂಬುದು ಅಲ್ಲಿಯ ಅರ್ಥ. ಅದರ ಜೊತೆಗೆ ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ವಿಸ್ಮಯವೆಂದರೆ ಪರರ ಸಂಪತ್ತನ್ನು ಕಂಡು ಬೆರಗಾಗುವುದು. ನೆರೆಮನೆಗೆ ಎರಡನೆಯ ಕಾರು ಬಂದಾಗ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆಯನ್ನು ನೆನೆದರೆ ಸಾಕು. ಇನ್ನು ಭೋಗೋಪಭೋಗ ಪರಿಮಾಣದ ಪ್ರಕರಣದಲ್ಲಿ ಮಿತಿ ಹಾಕಿಕೊಳ್ಳಬೇಕಾದ ವಸ್ತುಗಳ ಪಟ್ಟಿಯಿದೆ. ಭೋಜನವಾದ ಕೂಡಲೇ ಬರುವ ಎರಡನೆಯ ಹೆಸರು ವಾಹನ. ಆ ಮಿತಿಯನ್ನು ಆಜೀವವಾಗಿ ಹಾಕಿಕೊಂಡರೆ ಯಮ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು ಎಂದು ಕಾಲಾವಧಿಗೆ ಹಾಕಿಕೊಂಡರೆ ನಿಯಮ. ಗೃಹಸ್ಥನ ಶಕ್ತಿಯನ್ನರಿತು ಮಾಡಿದ ಎಂತಹ ಔದಾರ್ಯದ ವ್ಯವಸ್ಥೆ!

ಅನರ್ಥದಂಡದ ಭಾಗದಲ್ಲಿ ಪ್ರಮಾದಚರ್ಯೆಯ ವಿವರಣೆಯಿದೆ. ನಿಷ್ಪ್ರಯೋಜನವಾಗಿ ನೆಲವನ್ನು ಅಗೆಯುವುದು, ಗಿಡಮರಗಳನ್ನು ಕಡಿಯುವುದು, ತಾನು ಸುಮ್ಮನೆ ಅಲೆಯುವುದು, ಇತರರನ್ನು ಅಲೆಸುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಖಾಲಿ ಜಾಗವನ್ನು ಹುಡುಕುತ್ತ ಇಂಧನ ಸುಡುತ್ತ ಆವರಣವನ್ನು ಸುತ್ತುವವನು ಅಲೆಯುತ್ತಿದ್ದಾನೆ. ಬರಿದಾದ ಸ್ಥಳಕ್ಕೆ ಹಗ್ಗ ಕಟ್ಟಿಸಿದವನು ಅಲೆಸುತ್ತಿದ್ದಾನೆ. ಜಾಗ ಸಾಲದೆಂದು ಉಳಿದ ಹೊಂಗೆಯ ಮರಗಳನ್ನೂ ಕಡಿದು ನೆಲಕ್ಕೆ ಸಿಮೆಂಟು ಹಾಸಬೇಕೆಂಬ ಮಾತು ಈಗ ಕೇಳಿಬರುತ್ತಿದೆ. ಹಾಗೆ ಮಾಡಿದರೂ ಒಂದೆರಡು ವರ್ಷಗಳಲ್ಲಿ ಅದೂ ತುಂಬುತ್ತದೆ. ಬಯಕೆಯನ್ನು ಅಳೆಯದೆ ನೆಲವನ್ನು ಮಾತ್ರ ಹಿಗ್ಗಿಸುತ್ತ ಹೋದರೆ ಯಾವ ಆವರಣವೂ ಸಾಲದು.

ಹಾಗೆಂದು ಎಲ್ಲ ಹೊಣೆಯನ್ನೂ ವ್ಯಕ್ತಿಯ ವ್ರತದ ಮೇಲೆ ಹೊರಿಸಿ ಸಂಸ್ಥೆಯನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ಸಾರ್ವಜನಿಕ ವಿದ್ಯಾಸಂಸ್ಥೆಯ ನೆಲ ಸಮಾಜದ ನ್ಯಾಸ. ಪದವಿಯ ಬಲದಿಂದ ಅದನ್ನು ಬರಿದಾಗಿ ಕಾದಿರಿಸುವುದು ಅದತ್ತಾದಾನಕ್ಕೆ ಬಹಳ ಸಮೀಪದ ಕೃತ್ಯವೆಂದೇ ನನ್ನ ಅಭಿಪ್ರಾಯ. ಬಾಗಿಲಿಗೆ ಹತ್ತಿರದ ಸ್ಥಳಗಳು ವೃದ್ಧರಿಗೆ, ವಿಕಲಾಂಗರಿಗೆ, ಗರ್ಭಿಣಿಯರಿಗೆ ಸಲ್ಲಬೇಕು. ನಡೆಯಬಲ್ಲ ಅಧಿಕಾರಿಯ ಕಾರು ದೂರದಲ್ಲಿ ನಿಲ್ಲಲಿ. ಮುಖ್ಯದ್ವಾರದಿಂದ ಗ್ರಂಥಾಲಯದವರೆಗೆ ಗಂಟೆಗೆರಡು ಬಾರಿ ಸಣ್ಣ ವಾಹನವೊಂದು ಓಡಾಡಿದರೆ ಎಷ್ಟೋ ಕಾರುಗಳು ಮನೆಯಲ್ಲಿಯೇ ಉಳಿಯುತ್ತವೆ. ಇಷ್ಟನ್ನು ಬರೆದು ಸಂಬಂಧಪಟ್ಟವರಿಗೆ ಎರಡು ಬಾರಿ ಕೊಟ್ಟಿದ್ದೇನೆ, ಉತ್ತರ ಬಂದಿಲ್ಲ. ಮೂರನೆಯ ಬಾರಿಯೂ ಕೊಡುವವನಿದ್ದೇನೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡಬಹುದು. ನಮ್ಮ ಮುನಿಗಳು ವಾಹನವನ್ನೇರದೆ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಬರಿಗಾಲಿನಲ್ಲಿ ವಿಹರಿಸುತ್ತಾರೆ. 2018ರ ಮಹಾಮಸ್ತಕಾಭಿಷೇಕಕ್ಕೆ ಅವರು ಶ್ರವಣಬೆಳಗೊಳವನ್ನು ಸೇರಿದುದು ನಡೆದೇ. ಅವರ ದರ್ಶನಕ್ಕೆ ಹೋದ ನಮ್ಮಲ್ಲಿ ಬಹುಮಂದಿ ಸೇರಿದುದು ಕಾರಿನಲ್ಲಿ. ಅವರ ಮಹಾವ್ರತ ನಮಗೆ ಅಸಾಧ್ಯವಾದರೂ ಅದರ ಒಂದು ಕಣ ಸಾಧ್ಯ. ಅಷ್ಟಮಿ ಚತುರ್ದಶಿಗಳಂದು ಹಸಿರು ತರಕಾರಿಯನ್ನು ಬಿಡುವ ನಾವು ಆ ದಿನಗಳಲ್ಲಿ ಸ್ವಂತ ವಾಹನವನ್ನೂ ಬಿಡಬಹುದು. ಒಂದೇ ದಿಕ್ಕಿಗೆ ಹೋಗುವ ಮೂವರು ಒಂದೇ ಕಾರಿನಲ್ಲಿ ಹೋಗಬಹುದು. ಈ ಚಾತುರ್ಮಾಸದಿಂದ ಗ್ರಂಥಾಲಯಕ್ಕೆ ಬಸ್ಸಿನಲ್ಲಿಯೇ ಹೋಗಬೇಕೆಂದು ನಾನು ನಾಲ್ಕು ತಿಂಗಳ ನಿಯಮ ಸ್ವೀಕರಿಸಿದ್ದೇನೆ. ಮಂಡಿನೋವಿನ ಆ ಹಿರಿಯರನ್ನು ಬಾಗಿಲವರೆಗೆ ಕರೆತರಬೇಕಾದ ದಿನಕ್ಕೆ ಮಾತ್ರ ಅದರಲ್ಲಿ ವಿನಾಯಿತಿ. ಧರ್ಮಬಂಧುಗಳು ತಮ್ಮ ತಮ್ಮ ಶಕ್ತಿಯನ್ನರಿತು ಇಂತಹದೊಂದು ನಿಯಮವನ್ನು ಯೋಚಿಸಲೆಂದು ಪ್ರಾರ್ಥಿಸುತ್ತೇನೆ.