ಕನ್ನಡಿಯ ಮುಂದೆ

ಜೆ. ಕೆ. ರೌಲಿಂಗ್ ಎಂದೊಡನೆ ಎಲ್ಲರೂ ಹೇಳುವುದು ಹನ್ನೆರಡು ಪ್ರಕಾಶಕರು ಹಸ್ತಪ್ರತಿ ಹಿಂತಿರುಗಿಸಿದ ಕತೆ. ನನಗೆ ನೆನಪಾಗುವುದು ಅವರ ಅಮ್ಮ. 1990ರಲ್ಲಿ ಲಂಡನ್ನಿಗೆ ಹೊರಟ ರೈಲು ತಡವಾದಾಗ ಹ್ಯಾರಿ ಪಾಟರ್ ಹೊಳೆದ. ಅದೇ ಡಿಸೆಂಬರಿನಲ್ಲಿ ಅಮ್ಮ ತೀರಿಕೊಂಡರು, 45ನೇ ವಯಸ್ಸಿಗೆ. ಮಗಳು ಏನು ಬರೆಯುತ್ತಿದ್ದಾಳೆಂದು ಅವರಿಗೆ ಗೊತ್ತೇ ಇರಲಿಲ್ಲ.

ಪೋರ್ಚುಗಲ್ಲಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತ ರೌಲಿಂಗ್ ಒಂದು ಅಧ್ಯಾಯ ಬರೆದರು: ತಬ್ಬಲಿ ಹುಡುಗ ಕನ್ನಡಿಯಲ್ಲಿ ತನ್ನ ಅಪ್ಪ ಅಮ್ಮನನ್ನು ಕಾಣುತ್ತಾನೆ. ಆಮೇಲೆ ಮುರಿದ ಮದುವೆ, ಎಡಿನ್‌ಬರೋದಲ್ಲಿ ಹಸುಗೂಸಿನೊಂದಿಗೆ ಸರ್ಕಾರದ ನೆರವಿನ ಬದುಕು. ಪುಸ್ತಕ ಬಂದದ್ದು 1997ರಲ್ಲಿ.

ಹಾಸ್ಟೆಲಿನಲ್ಲಿ ಓದಿದಾಗ ಆ ಕನ್ನಡಿ ನನಗೆ ಬರೀ ಮಾಟದ ವಸ್ತು. ವಯಸ್ಸು ಹಾಗಿತ್ತು. ನನ್ನಮ್ಮ ತೀರಿಕೊಂಡ ಮೇಲೆ ಮತ್ತೆ ತೆಗೆದೆ. ಹ್ಯಾರಿ ಮೂರು ರಾತ್ರಿ ಅದರ ಮುಂದೆ ಹೋಗಿ ಕೂರುತ್ತಾನೆ. ನನಗೆ ಎರಡನೆಯ ರಾತ್ರಿ ದಾಟಲಾಗಲಿಲ್ಲ.